ಊಟಿಯ ಗಾಲ್ಫ್ ಮೈದಾನದಲ್ಲಿ ಮೊದಲ ಸುತ್ತು

ಹೊಸೂರಿನಲ್ಲಿ ನೆಲೆಸಿ, ರಜೆಯ ದಿನಗಳಲ್ಲಿ ಬೆಂಗಳೂರಿಗೆ ಹೋಗಿ ಗಾಲ್ಫ್ ಕಲಿತ ನನ್ನಂಥವರಿಗೆ ಪ್ರವಾಸದಲ್ಲಿ ಒಂದು ಸುತ್ತು ಆಡಬೇಕೆನಿಸಿದಾಗ ಎದುರಾಗುವ ಮೊದಲ ಪ್ರಶ್ನೆ, ಸದಸ್ಯರಲ್ಲದವರನ್ನು ಒಳಗೆ ಬಿಡುವ ಮೈದಾನ ಎಲ್ಲಿದೆ ಎಂಬುದು. ನಮ್ಮ ದೇಶದ ಹೆಚ್ಚಿನ ಮೈದಾನಗಳು ಕ್ಲಬ್ಬುಗಳ ಇಲ್ಲವೇ ಸೇನೆಯ ಕೈಯಲ್ಲಿವೆ. ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕುತುಬ್ ಮೈದಾನದಂತೆ ಯಾರು ಬೇಕಾದರೂ ಹಣ ಕಟ್ಟಿ ಆಡಬಹುದಾದ ಸಾರ್ವಜನಿಕ ಮೈದಾನಗಳು ತೀರ ಕಡಿಮೆ. ಊಟಿ ಜಿಮಖಾನಾದ 18 ಕುಳಿಗಳ ಮೈದಾನ ಕ್ಲಬ್ಬಿನದೇ ಆದರೂ, ಗ್ರೀನ್ ಫೀ, ಅಂದರೆ ಆಟದ ಶುಲ್ಕ, ಕೊಟ್ಟು ಬರುವ ಪ್ರವಾಸಿಗರಿಗೂ ಅಲ್ಲಿ ಅವಕಾಶವುಂಟು. ಮೈಸೂರು, ಚಾಮರಾಜನಗರ, ತಾಳವಾಡಿ, ಹೊಸೂರಿನ ಕನ್ನಡಿಗರಿಗೆ ಬೆಟ್ಟದ ಮೇಲಿನ ಗಾಲ್ಫ್ ಎಂದರೆ ಮೊದಲು ನೆನಪಾಗುವುದು ಅದೇ.

ಹೊರಡುವ ಮೊದಲು ಫೋನ್ ಮಾಡಿ ಮೂರು ಸಂಗತಿಗಳನ್ನು ಕೇಳಿಕೊಂಡೆ: ಆ ದಿನ ಸ್ಪರ್ಧೆ ಏನಾದರೂ ಇದೆಯೇ, ಚೀಲ ಹೊತ್ತು ಜೊತೆಗೆ ಬರುವ ಕ್ಯಾಡಿಯ ಹಣವನ್ನು ಬೇರೆಯಾಗಿ ಕೊಡಬೇಕೇ, ಮೈದಾನಕ್ಕೆ ಅದರದೇ ಆದ ಸ್ಥಳೀಯ ನಿಯಮಗಳಿವೆಯೇ. ಮೂರನೆಯದನ್ನು ಪ್ರವಾಸಿಗಳು ಸಾಮಾನ್ಯವಾಗಿ ಕೇಳುವುದಿಲ್ಲ, ನಿಜಕ್ಕೂ ಕೇಳಬೇಕಾದದ್ದು ಅದನ್ನೇ. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಗಿರುವುದರಿಂದ ಅದನ್ನೂ ಮೊದಲೇ ಮಾಡಿಸಿಟ್ಟುಕೊಂಡೆ. ಕಾಲದ ಆಯ್ಕೆಯೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅದರ ಬೆನ್ನಿಗೇ ಹಿಂಗಾರು. ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟುತ್ತದೆ, ಅಂಥ ಗ್ರೀನಿನ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ, ಮೇಲೆ ನಡೆದರೆ ಹುಲ್ಲಿನ ಎಸಳು ಮುರಿದು ಸಾಯುತ್ತದೆ. ಹೀಗಾಗಿ ಫೆಬ್ರವರಿಯನ್ನು ಆರಿಸಿಕೊಂಡು, ಬಿಸಿಲು ಚೆನ್ನಾಗಿ ಏರಿದ ಮೇಲಿನ ಸಮಯವನ್ನೇ ಕೇಳಿದೆ.

ನಿಯಮದ ಪ್ರಕಾರ ಚೀಲದಲ್ಲಿ 14 ಕೋಲುಗಳವರೆಗೆ ಇರಬಹುದು. ನಾನು ಅರ್ಧ ಸೆಟ್ ಮಾತ್ರ ಒಯ್ದೆ: ದೂರದ ಹೊಡೆತಕ್ಕೆ ಒಂದು ಐದರ ವುಡ್, ಒಂದು ಹೈಬ್ರಿಡ್, ನಡುವಿನ ದೂರಕ್ಕೆ ಬೆಸ ಸಂಖ್ಯೆಯ ಐರನ್‌ಗಳು, ಹತ್ತಿರದ ಹೊಡೆತಕ್ಕೆ ಎರಡು ವೆಡ್ಜ್, ಗ್ರೀನಿನ ಮೇಲೆ ಚೆಂಡು ಉರುಳಿಸಲು ಪಟರ್. ಎಲ್ಲಕ್ಕಿಂತ ದೂರ ಹೊಡೆಯುವ ಕೋಲಾದ ಡ್ರೈವರನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ಗೊತ್ತಿಲ್ಲದ ಮೈದಾನದಲ್ಲಿ ಚೆಂಡು ಎಷ್ಟು ದೂರ ಹೋಯಿತು ಎನ್ನುವುದಕ್ಕಿಂತ ಎಲ್ಲಿ ಬಿದ್ದಿದೆಯೆಂದು ಕಾಣುವುದೇ ದೊಡ್ಡದು ಎಂಬುದು ನನ್ನ ಮತ. ದೂರ ಹೊಡೆಯುವ ಆಸೆ ಇರುವವರು ಅದನ್ನು ತಮ್ಮ ಊರಿನ ಮೈದಾನದಲ್ಲೇ ತೀರಿಸಿಕೊಳ್ಳಬಹುದು.

ಊಟಿ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಕಡಲ ಮಟ್ಟದ ಗಾಳಿಗಿಂತ ಹೆಚ್ಚುಕಡಿಮೆ ಐದನೆಯ ಒಂದು ಪಾಲು ತೆಳುವಾಗಿರುವುದರಿಂದ ಚೆಂಡಿಗೆ ತಡೆ ಕಡಿಮೆ. ಕಾಸರಗೋಡು, ಮಂಗಳೂರಿನಿಂದ ಬರುವವರು ತಮ್ಮ ಹೊಡೆತಕ್ಕೆ ನೂರಕ್ಕೆ ಏಳೆಂಟು ಪಾಲು ಸೇರಿಸಿಕೊಳ್ಳಬೇಕು. ಸುಮಾರು 900 ಮೀಟರ್ ಎತ್ತರದ ಹೊಸೂರು, ಬೆಂಗಳೂರಿನವರು ಆ ಲಾಭದ ಒಂದು ಭಾಗವನ್ನು ಊರಿನಲ್ಲೇ ಪಡೆಯುತ್ತಿರುವುದರಿಂದ ನೂರಕ್ಕೆ ಐದನ್ನು ಸೇರಿಸಿಕೊಂಡರೆ ಸಾಕು. ಆದರೆ ಚಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಣ್ಣನೆಯ ಗಾಳಿ ದಟ್ಟವಾಗುತ್ತದೆ, ತಣ್ಣಗಾದ ಚೆಂಡು ಕೋಲಿನಿಂದ ಅಷ್ಟು ಚುರುಕಾಗಿ ಪುಟಿಯುವುದಿಲ್ಲ, ಮೇಲೆ ಸ್ವೆಟರ್ ಹಾಕಿಕೊಂಡ ಭುಜ ಪೂರ್ತಿ ತಿರುಗುವುದಿಲ್ಲ. ಇವೆಲ್ಲವನ್ನೂ ಕೂಡಿ ಕಳೆದು, ಮೊದಲ ಕೆಲವು ಕುಳಿಗಳಲ್ಲಿ ಊರಿನ ಲೆಕ್ಕವನ್ನೇ ಇಟ್ಟುಕೊಂಡು, ಬಿಸಿಲು ಕಾದ ಮೇಲೆ 150 ಗಜದ ಹೊಡೆತಕ್ಕೆ ಆರೇಳು ಗಜ ಕೂಡಿಸಿಕೊಂಡೆ. ತೆಳುಗಾಳಿಯಲ್ಲಿ ಇನ್ನೊಂದು ವಿಶೇಷವಿದೆ: ತಿರುಗುವ ಚೆಂಡನ್ನು ಪಕ್ಕಕ್ಕೆ ಬಾಗಿಸುವುದು ಗಾಳಿಯೇ ಆದ್ದರಿಂದ, ಊರಿನಲ್ಲಿ ಬಲಕ್ಕೆ ಹೊರಳುವ ನನ್ನ ಹೊಡೆತ ಇಲ್ಲಿ ಕಡಿಮೆ ಹೊರಳಿತು. ಅಭ್ಯಾಸಬಲದಿಂದ ಎಡಕ್ಕೆ ಗುರಿಯಿಡುವವರು ಇದನ್ನು ಗಮನಿಸಬೇಕು.

ಮೈದಾನವಿರುವುದು ವೆನ್‌ಲಾಕ್ ಡೌನ್ಸ್ ಎಂಬ ಹುಲ್ಲುಗಾವಲಿನ ಸೀಮೆಯಲ್ಲಿ. 1891ರಿಂದ 1896ರವರೆಗೆ ಮದರಾಸಿನ ಗವರ್ನರ್ ಆಗಿದ್ದ ವೆನ್‌ಲಾಕ್ ಪ್ರಭುವಿನ ಹೆಸರು ಅದಕ್ಕಿದೆ. ನೆಲ ಸಮವಾಗಿಲ್ಲ, ಏರು, ತಗ್ಗು, ಮತ್ತೆ ಏರು. ಆದರೆ ಹೊಸಬರು ಹೆದರಬೇಕಾದದ್ದು ಏರಿಗಲ್ಲ, ಹುಲ್ಲು ಕತ್ತರಿಸಿದ ಆಟದ ದಾರಿಯಾದ ಫೇರ್‌ವೇಯ ಎರಡೂ ಬದಿಗೆ ಬೆಳೆದಿರುವ ಗಾರ್ಸ್ ಪೊದೆಗೆ. ಹಳದಿ ಹೂ ಬಿಡುವ, ಮೈಯೆಲ್ಲ ಮುಳ್ಳಿರುವ ಈ ಗಿಡ ಯುರೋಪಿನವರ ಕಾಲದಲ್ಲಿ ನೀಲಗಿರಿಗೆ ಬಂದದ್ದು. ಹುಲ್ಲುಗಾವಲನ್ನು ನುಂಗುತ್ತಿರುವ ಪರದೇಶಿ ಗಿಡಗಳಲ್ಲಿ ಇದೂ ಒಂದು. ಅದರೊಳಗೆ ಹೋದ ಚೆಂಡು ಕಂಡರೂ ಕೈಗೆ ಸಿಗುವುದಿಲ್ಲ.

ನನ್ನ ಕ್ಯಾಡಿ ನೀಲಗಿರಿಯ ಬಡಗರ ಹುಡುಗ. ಅವನ ಬಡಗ ಮಾತಿಗೂ ನನ್ನ ಕನ್ನಡಕ್ಕೂ ಹೆಚ್ಚು ದೂರವಿರಲಿಲ್ಲವಾದ್ದರಿಂದ ತಮಿಳಿನ ನೆರವಿಲ್ಲದೆಯೇ ಸಂಭಾಷಣೆ ಸಾಗಿತು. ಆಟ ಶುರುಮಾಡುವ ಜಾಗವಾದ ಮೊದಲ ಟೀಯಲ್ಲೇ ಅವನಿಗೆ, "ನೋಡಪ್ಪ, ಕುಳಿ ಎಲ್ಲಿದೆ ಅಂತ ಹೇಳಬೇಡ. ಚೆಂಡು ಎಲ್ಲಿಗೆ ಹೋಗಬಾರದು ಅಂತ ಹೇಳು, ಸಾಕು" ಎಂದೆ. ಅವನು ನಕ್ಕು, "ಬಲಗಡೆ ಬೇಡ ಸಾರ್, ಪೂರ್ತಿ ಮುಳ್ಳು. ಎಡಗಡೆ ಆ ಮರ ನೋಡಿ ಹೊಡೀರಿ" ಎಂದ. ದಿಬ್ಬದ ಆಚೆಗೆ ಏನಿದೆಯೆಂದು ಕಾಣದ ಕಡೆಗಳಲ್ಲಿ ಅವನೇ ಮುಂದೆ ಓಡಿ ಮೇಲೆ ನಿಂತು ಕೈ ತೋರಿಸುತ್ತಿದ್ದ. ದೂರ ಅಳೆಯುವ ಯಂತ್ರ ನನ್ನ ಬಳಿ ಇತ್ತು. ಆದರೆ ಮೂರು ಅಡಿ ಏರಿಗೆ ಒಂದು ಗಜ ಹೆಚ್ಚು, ಅಷ್ಟೇ ಇಳಿತಕ್ಕೆ ಒಂದು ಗಜ ಕಡಿಮೆ ಎಂಬ ಲೆಕ್ಕವನ್ನು ಯಂತ್ರವಿಲ್ಲದೆ ಕಣ್ಣಳತೆಯಲ್ಲೇ ಅವನು ಹೇಳಿಬಿಡುತ್ತಿದ್ದ.

ಚೆಂಡು ಪೊದೆಗೆ ಹೋಗಿರಬಹುದೆಂಬ ಸಂಶಯ ಬಂದರೆ, ಅಲ್ಲಿಂದಲೇ ಇನ್ನೊಂದು ಚೆಂಡನ್ನು ತಾತ್ಕಾಲಿಕವೆಂದು ಬಾಯಿಬಿಟ್ಟು ಹೇಳಿ ಹೊಡೆದಿಡುವುದು ಒಳ್ಳೆಯದು, ಏಕೆಂದರೆ 2019ರ ನಿಯಮಗಳ ಪ್ರಕಾರ ಹುಡುಕಲು ಸಿಗುವುದು ಮೂರೇ ನಿಮಿಷ. ಕಂಡರೂ ಆಡಲಾಗದ ಚೆಂಡಿಗೆ ಒಂದು ಹೊಡೆತದ ದಂಡ ತೆತ್ತು ಮೂರು ದಾರಿಗಳುಂಟು. ಹಿಂದೆ ಹೊಡೆದ ಜಾಗಕ್ಕೇ ಮರಳುವುದು ಒಂದು. ಎರಡು ಕೋಲಿನಳತೆಯೊಳಗೆ ಚೆಂಡು ಬಿಡುವುದು ಇನ್ನೊಂದು, ಆದರೆ ಗಾರ್ಸ್ ಇರುವಲ್ಲಿ ಆ ಅಳತೆಯೊಳಗೂ ಮುಳ್ಳೇ ಇರುತ್ತದೆ. ಕುಳಿ ಮತ್ತು ಚೆಂಡನ್ನು ಸೇರಿಸುವ ಗೆರೆಯ ಮೇಲೆ ಬೇಕಾದಷ್ಟು ಹಿಂದಕ್ಕೆ ಸರಿಯುವುದು ಮೂರನೆಯದು, ನಾನು ಆಶ್ರಯಿಸಿದ್ದು ಇದನ್ನೇ. 2023ರ ತಿದ್ದುಪಡಿಯ ಮೇಲೆ, ಬಿಟ್ಟ ಚೆಂಡು ಆ ಜಾಗದಿಂದ ಒಂದು ಕೋಲಿನಳತೆಯೊಳಗೆ ಯಾವ ಕಡೆ ನಿಂತರೂ ಸರಿಯೇ.

ಗ್ರೀನುಗಳಲ್ಲಿ ಬೆಟ್ಟ ಕಣ್ಣಿಗೆ ಮೋಸ ಮಾಡುತ್ತದೆ. ಸುತ್ತಲಿನ ಇಡೀ ನೆಲವೇ ಒಂದು ಕಡೆಗೆ ವಾಲಿರುವಾಗ, ಅದಕ್ಕಿಂತ ಸ್ವಲ್ಪ ಕಡಿಮೆ ವಾಲಿದ ಗ್ರೀನ್ ಎದುರು ದಿಕ್ಕಿಗೆ ಇಳಿದಂತೆ ಕಾಣುತ್ತದೆ.  ಆದ್ದರಿಂದ ಗ್ರೀನಿಗೆ ನಡೆದು ಬರುವಾಗಲೇ, ಅಂದರೆ ಇನ್ನೂ ಐವತ್ತು ಗಜ ದೂರವಿರುವಾಗಲೇ, ಮಳೆ ನೀರು ಎತ್ತ ಹರಿದೀತು ಎಂದು ನೋಡಿಕೊಂಡು, ಹತ್ತಿರ ಹೋದ ಮೇಲೆ ಕಣ್ಣು ಬೇರೆ ಹೇಳಿದರೂ ಮೊದಲಿನ ನಿರ್ಣಯಕ್ಕೇ ಅಂಟಿಕೊಂಡೆ. ಮೇಲಿನಿಂದ ಕೆಳಗೆ ಪಟ್ ಮಾಡುವಾಗ ಕೋಲುಬಾವುಟವನ್ನು ಕುಳಿಯಲ್ಲೇ ಬಿಟ್ಟೆ. 2019ರಿಂದ ಇದಕ್ಕೆ ದಂಡವಿಲ್ಲ.

ಜೊತೆಗೆ ಆಡಿದವರು ಕೊಯಮತ್ತೂರಿನಿಂದ ಬಂದಿದ್ದ, ಮನೆಯಲ್ಲಿ ಕನ್ನಡವಾಡುವ ದೇವಾಂಗ ಕುಟುಂಬದ ಇಬ್ಬರು ಹಿರಿಯರು. ಸ್ಟೇಬಲ್‌ಫರ್ಡ್ ಲೆಕ್ಕದಲ್ಲಿ ಆಡೋಣವೆಂದು ಅವರೇ ಸೂಚಿಸಿದರು. ಆಟಗಾರನ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿಯಾದ ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್‌ಗೆ, ಅಂದರೆ ಆ ಕುಳಿಗೆ ಗೊತ್ತುಮಾಡಿದಷ್ಟೇ ಹೊಡೆತಗಳಿಗೆ, ಎರಡು ಅಂಕ, ಒಂದು ಹೊಡೆತ ಹೆಚ್ಚಾದ ಬೋಗಿಗೆ ಒಂದು, ಅದಕ್ಕಿಂತ ಕೆಟ್ಟರೆ ಸೊನ್ನೆ. ಅಂಕ ಬಾರದೆಂದು ಖಚಿತವಾದ ಕೂಡಲೇ ಚೆಂಡೆತ್ತಿಕೊಂಡು ಮುಂದೆ ನಡೆಯಬಹುದು. 1932ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ಮೊದಲು ಸ್ಪರ್ಧೆಗೆ ಬಂದ ಈ ಪದ್ಧತಿಗಿಂತ ಹೊಸಬರಿಗೆ ಹೊಂದುವುದು ಇನ್ನೊಂದಿಲ್ಲ. ಒಂದು ಕುಳಿಯಲ್ಲಿ ಕೆಟ್ಟರೆ ಇಡೀ ಸುತ್ತು ಕೆಡುವುದಿಲ್ಲ, ಹಿಂದಿನಿಂದ ಬರುವ ಸದಸ್ಯರನ್ನೂ ಕಾಯಿಸಿದಂತಾಗುವುದಿಲ್ಲ. ಬೋಗಿಯನ್ನೇ ನನ್ನ ಪಾರ್ ಎಂದು ತಿಳಿದು, ಮೂರನೆಯ ಹೊಡೆತಕ್ಕೆ ಗ್ರೀನ್ ತಲುಪಿದರೆ ಸಾಕೆಂದು ಆಡಿದ ನನಗೆ 29 ಅಂಕ ಬಂತು.

ಕ್ಯಾಡಿಯ ಹಣವನ್ನು ಅವನ ಕೈಗೇ ನಗದಾಗಿ ಕೊಟ್ಟೆ. ಇದಕ್ಕೆ ಚಿಲ್ಲರೆ ನೋಟುಗಳನ್ನು ಒಯ್ಯುವುದು ಒಳ್ಳೆಯದು. ಗೂಡಲೂರಿನ ದಾರಿಯಲ್ಲಿ ಬಂಡೀಪುರ ದಾಟಿ ಮೈಸೂರಿನ ಕಡೆಗೆ ಇಳಿಯುವವರು ರಾತ್ರಿ 9ಕ್ಕೆ ಅರಣ್ಯದ ಗೇಟ್ ಮುಚ್ಚಿ ಬೆಳಿಗ್ಗೆ 6ಕ್ಕೇ ತೆರೆಯುವುದನ್ನು ನೆನಪಿಟ್ಟು ಆಟ ಶುರುಮಾಡುವ ಸಮಯವನ್ನು ಗೊತ್ತುಮಾಡಿಕೊಳ್ಳಬೇಕು; ಮಧ್ಯಾಹ್ನ ಎರಡರ ಮೇಲೆ ಶುರುಮಾಡುವವರು ಆ ರಾತ್ರಿ ಊಟಿಯಲ್ಲೇ ಕೋಣೆ ಹಿಡಿದಿರುವುದು ಮೇಲು.