ಲೋಹದ ಕ್ಲೋರೈಡ್ ಬಾಯಿಂದ ಹೋದರೆ ಎಷ್ಟು ವಿಷ? ಅಳೆಯುವ ಮೊದಲು ಬಾಟಲಿ ನೋಡಿ

ಯಾರಾದರೂ ಒಂದು ಲೋಹದ ಕ್ಲೋರೈಡ್ ತಂದು "ಇದರ ಎಲ್‌ಡಿ50 ಬೇಕು" (ಪರೀಕ್ಷೆಯ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಡೋಸ್) ಅಂದರೆ, ನಾನು ಮೊದಲು ಕೇಳುವುದು ಬಾಟಲಿಯನ್ನು. ಇಲಿ, ಸೂಜಿ, ಡೋಸ್ ಎಲ್ಲ ಆಮೇಲೆ. ಲೇಬಲ್ ಮೇಲೆ ಸುಮ್ನೆ 'ಕೋಬಾಲ್ಟ್ ಕ್ಲೋರೈಡ್' ಅಂತಿದ್ದರೆ ಅದು ಅರ್ಧ ಹೆಸರು ಅಷ್ಟೇ. ನೀರಿಲ್ಲದ ಪುಡಿ ನೀಲಿ. ಆರು ನೀರಿನ ಅಣು ಸೇರಿಸಿಕೊಂಡ ಹೆಕ್ಸಾಹೈಡ್ರೇಟ್ ಗುಲಾಬಿ ಕೆಂಪು. ಮೊದಲನೆಯದರ ಅಣುತೂಕ ಸುಮಾರು 130, ಎರಡನೆಯದರದ್ದು 238. ನೀಲಿ ಪುಡಿಯ ತೂಕದಲ್ಲಿ ಕೋಬಾಲ್ಟ್ 45%, ಗುಲಾಬಿ ಹರಳಿನಲ್ಲಿ ಬರೀ 25%.

ಇದರಿಂದ ಏನಾಗುತ್ತದೆ ನೋಡಿ. ನೀರಿಲ್ಲದ ರೂಪದ ಎಲ್‌ಡಿ50 ಕಿಲೋ ದೇಹತೂಕಕ್ಕೆ 200 ಮಿ.ಗ್ರಾಂ ಅಂತ ಇಟ್ಟುಕೊಳ್ಳಿ. ಅಷ್ಟೇ ಲೋಹ ಹೆಕ್ಸಾಹೈಡ್ರೇಟ್ ರೂಪದಲ್ಲಿ ಹೋಗಬೇಕಾದರೆ 366 ಮಿ.ಗ್ರಾಂ ಬೇಕು. ವಿಷವನ್ನು ವರ್ಗ ಮಾಡುವ ಜಿಎಚ್‌ಎಸ್ ಪದ್ಧತಿಯಲ್ಲಿ ಕಿಲೋಗೆ 5 ಮಿ.ಗ್ರಾಂವರೆಗೆ ವರ್ಗ 1, 50ರವರೆಗೆ ವರ್ಗ 2, 300ರವರೆಗೆ ವರ್ಗ 3, 2000ರವರೆಗೆ ವರ್ಗ 4. ಅಂದರೆ ಒಂದು ವರ್ಗ 3, ಇನ್ನೊಂದು ವರ್ಗ 4. ಲೋಹ ಅದೇ, ವಿಷ ಅದೇ, ಬದಲಾದದ್ದು ನೀರು ಮಾತ್ರ. ಅದಕ್ಕೇ ಪ್ರತಿ ಸಂಖ್ಯೆಯನ್ನೂ ಎರಡು ಸಲ ಬರೆಯಿರಿ: ಉಪ್ಪಿನ ಲೆಕ್ಕದಲ್ಲಿ ಒಂದು, ಲೋಹದ ಲೆಕ್ಕದಲ್ಲಿ ಒಂದು. ಸತುವಿನ ಕ್ಲೋರೈಡ್‌ನಂಥವು ಗಾಳಿಯಲ್ಲಿನ ನೀರನ್ನೇ ಹೀರಿ ಒದ್ದೆಯಾಗುತ್ತವೆ. ಅವುಗಳಲ್ಲಿ ತೇವಾಂಶ ಅಳೆಯದೆ ತೂಗಿದ ತೂಕಕ್ಕೆ ಅರ್ಥವಿಲ್ಲ.

ಮುಂದಿನ ಕೆಲಸ ಈಗಾಗಲೇ ಇರುವ ಮಾಹಿತಿ ಓದುವುದು. 'ಕ್ಲೋರೈಡ್' ಅನ್ನುವ ಭಾಗ ಹೆಚ್ಚಿನ ಸಲ ಏನೂ ಹೇಳುವುದಿಲ್ಲ. ಅಡುಗೆ ಉಪ್ಪೂ ಕ್ಲೋರೈಡೇ, ಇಲಿಯಲ್ಲಿ ಅದರ ಎಲ್‌ಡಿ50 ಸುಮಾರು 3000. ಬೇರಿಯಂ ಕ್ಲೋರೈಡ್‌ಗೆ ಸಾಮಾನ್ಯವಾಗಿ ಕೊಡುವ ಸಂಖ್ಯೆ 118, ಕ್ಯಾಡ್ಮಿಯಂ ಕ್ಲೋರೈಡ್‌ಗೆ 88. ವಿಷ ಮಾಡುವುದು ಲೋಹದ ಅಯಾನು. ಹಾಗಾಗಿ ಅದೇ ಲೋಹದ ಚೆನ್ನಾಗಿ ಕರಗುವ ಸಲ್ಫೇಟ್, ನೈಟ್ರೇಟ್, ಅಸಿಟೇಟ್‌ಗಳ ಮಾಹಿತಿ ಸಿಕ್ಕರೆ ಅದನ್ನೂ ಬಳಸಬಹುದು. ಆದರೆ 'ಕರಗುವ' ಅನ್ನುವುದರ ಮೇಲೆ ಕಣ್ಣಿರಲಿ. ಬೇರಿಯಂ ಸಲ್ಫೇಟ್ ಕರಗುವುದಿಲ್ಲ, ಎಕ್ಸ್‌ರೇಗೆ ಮುಂಚೆ ಕುಡಿಸುತ್ತಾರೆ. ಬೇರಿಯಂ ಕಾರ್ಬೊನೇಟ್ ಕೂಡ ನೀರಿನಲ್ಲಿ ಕರಗುವುದಿಲ್ಲ, ಆದರೆ ಹೊಟ್ಟೆಯ ಆಮ್ಲದಲ್ಲಿ ಕರಗುತ್ತದೆ. ಅದನ್ನು ಇಲಿ ಪಾಷಾಣವಾಗಿಯೇ ಬಳಸುತ್ತಿದ್ದರು! ನೀರಿನ ಕರಗುವಿಕೆ ನೋಡಿ ಸಮಾಧಾನ ಪಡಬೇಡಿ. 37 ಡಿಗ್ರಿಯಲ್ಲಿ, ಪಿಎಚ್ 1.5 ಇರುವ ಆಮ್ಲದಲ್ಲಿ ಅಲ್ಲಾಡಿಸಿ, ಎಷ್ಟು ಲೋಹ ಹೊರಬಂತು ಅಂತ ಅಳೆಯಿರಿ. ಲೋಹದ ವೇಲೆನ್ಸಿಯನ್ನೂ ಮರೆಯಬೇಡಿ. ಪಾದರಸದ ಎರಡು ಕ್ಲೋರೈಡ್‌ಗಳಲ್ಲಿ ಮರ್ಕ್ಯುರಿಕ್ ಚೆನ್ನಾಗಿ ಕರಗುವ ಘೋರ ವಿಷ. ಮರ್ಕ್ಯುರಸ್, ಅಂದರೆ ಕ್ಯಾಲೊಮೆಲ್, ಕರಗುವುದೇ ಕಷ್ಟ. ಹಿಂದೆ ಅದನ್ನು ಭೇದಿ ಮಾಡಿಸುವ ಔಷಧಿ ಅಂತ ಕೊಡುತ್ತಿದ್ದರು.

ಹಳೆಯ ಸಂಖ್ಯೆಗಳನ್ನು ನಾನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಯಾವ ಹೈಡ್ರೇಟ್, ಇಲಿ ಉಪವಾಸ ಇತ್ತಾ, ಯಾವ ದ್ರಾವಣದಲ್ಲಿ ಕೊಟ್ಟರು ಅನ್ನುವುದು ಬರೆದಿಲ್ಲದ ಪಟ್ಟಿಯ ಸಂಖ್ಯೆ ದಿಕ್ಕು ತೋರಿಸಬಹುದು, ತೀರ್ಪು ಕೊಡಲಾರದು. ಆದರೂ ಎಷ್ಟೋ ಸಲ ಇರುವ ಮಾಹಿತಿಯೇ ಸಾಕಾಗುತ್ತದೆ. ಆಗ ಒಂದು ಪ್ರಾಣಿಯನ್ನೂ ಮುಟ್ಟಬೇಕಿಲ್ಲ. ಈ ಕೆಲಸದಲ್ಲಿ ನನಗೆ ಇಷ್ಟವಾಗುವ ಫಲಿತಾಂಶ ಅದೇ.

ಸಾಕಾಗದಿದ್ದರೆ ದ್ರಾವಣ ಮಾಡಿ ಪಿಎಚ್ ನೋಡಿ. ಫೆರಿಕ್ ಕ್ಲೋರೈಡ್, ಅಲ್ಯೂಮಿನಿಯಂ ಕ್ಲೋರೈಡ್ ನೀರಿಗೆ ಬಿದ್ದರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ನೀರಿಲ್ಲದ ಅಲ್ಯೂಮಿನಿಯಂ ಕ್ಲೋರೈಡ್ ಅಂತೂ ಸಿಡಿಯುತ್ತದೆ, ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ. ಪಿಎಚ್ 2 ಅಥವಾ ಇನ್ನೂ ಕೆಳಗೆ ಇದ್ದರೆ ಅದು ಸುಡುವ ವಸ್ತು ಅಂತಲೇ ನೋಡಬೇಕು. ಸುಟ್ಟು ನೋವು ಕೊಡುತ್ತದೆ ಅಂತ ಗೊತ್ತಿರುವ ಡೋಸನ್ನು ಕೊಡಬೇಕಾಗಿಲ್ಲ ಅಂತ ಒಇಸಿಡಿ (ಪರೀಕ್ಷಾ ವಿಧಾನಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಮಾರ್ಗಸೂಚಿಯೇ ಹೇಳುತ್ತದೆ.

ಕರಗಿಸಲು ಅಯಾನು ತೆಗೆದ ನೀರು ಬಳಸಿ. ಫಾಸ್ಫೇಟ್ ಬಫರ್ ಹಾಕಿದರೆ ಬಹಳಷ್ಟು ಲೋಹಗಳು ಫಾಸ್ಫೇಟ್ ಆಗಿ ತಳಕ್ಕೆ ಕೂರುತ್ತವೆ. ಆಮೇಲೆ ನೀವು ಅಳೆಯುವುದು ಬೇರೆಯೇ ವಸ್ತು. ಅಭ್ಯಾಸಬಲದಿಂದ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಗಂಜಿ ತೆಗೆದುಕೊಳ್ಳುವವರಿದ್ದಾರೆ. ಮೂರು ವೇಲೆನ್ಸಿಯ ಲೋಹ ಅದಕ್ಕೆ ಅಂಟಿಕೊಂಡು ಗಟ್ಟಿಯಾಗುತ್ತದೆ, ಬೇಡ. ತಯಾರಾದ ದ್ರಾವಣದಲ್ಲಿ ಲೋಹ ಎಷ್ಟಿದೆ ಅಂತ ಐಸಿಪಿಯಲ್ಲಿ (ಲೋಹದ ಪ್ರಮಾಣ ಅಳೆಯುವ ಉಪಕರಣ) ಒಮ್ಮೆ ಪರೀಕ್ಷಿಸಿ.

ಪ್ರಾಣಿ ಪರೀಕ್ಷೆ ಅನಿವಾರ್ಯವಾದರೆ, ನೀತಿ ಸಮಿತಿಯ ಒಪ್ಪಿಗೆ ಕೈಗೆ ಬಂದ ಮೇಲೆ ವಿಧಾನ ಆರಿಸಿ. ಒಇಸಿಡಿಯ ಹಳೆಯ 401ನೇ ಮಾರ್ಗಸೂಚಿಯನ್ನು 2002ರ ಕೊನೆಯಲ್ಲೇ ತೆಗೆದುಹಾಕಿದರು. ಈಗಿರುವುದು 420, 423, 425. ನನ್ನ ಒಲವು 420ರ ಕಡೆಗೆ. ಅದರಲ್ಲಿ ಸಾವನ್ನು ಎಣಿಸುವುದಿಲ್ಲ, ವಿಷದ ಸ್ಪಷ್ಟ ಲಕ್ಷಣ ಕಂಡರೆ ಸಾಕು. 423ರಲ್ಲಿ ಒಂದು ಹಂತಕ್ಕೆ ಮೂರು ಇಲಿ, ಸಾಮಾನ್ಯವಾಗಿ ಹೆಣ್ಣು. 425ರಲ್ಲಿ ಒಂದೊಂದೇ ಇಲಿ. ಎಲ್‌ಡಿ50 ಸಂಖ್ಯೆಯೇ ಬೇಕು ಅಂದರೆ ಅದು ಸರಿ, ಆದರೆ ಸಾವು ಐದು ದಿನಕ್ಕಿಂತ ತಡವಾಗಿ ಬರಬಹುದಾದ ವಸ್ತುವಿಗೆ ಹೊಂದುವುದಿಲ್ಲ. ಮೂತ್ರಪಿಂಡ ಕೆಡಿಸುವ ಲೋಹಗಳಲ್ಲಿ ಇದನ್ನು ಯೋಚಿಸಲೇಬೇಕು. 420, 423ರಲ್ಲಿ ಡೋಸ್‌ಗಳು 5, 50, 300, 2000. ಏನೂ ಗೊತ್ತಿಲ್ಲದಿದ್ದರೆ 300ರಿಂದ ಶುರು. ಆದರೆ ಅದೇ ಲೋಹದ ಬೇರೆ ಉಪ್ಪು 118ಕ್ಕೆ ಕೊಲ್ಲುತ್ತದೆ ಅಂತ ಓದಿದ ಮೇಲೂ 300 ಕೊಡುವುದು ಸೋಮಾರಿತನ. 50ಕ್ಕೆ ಇಳಿಯಿರಿ.

ಲೆಕ್ಕ ಹೀಗೆ: ಇಲಿಯ ತೂಕ 180 ಗ್ರಾಂ, ಡೋಸ್ 300. ಬೇಕಾದದ್ದು 54 ಮಿ.ಗ್ರಾಂ. ಕಿಲೋಗೆ 10 ಮಿ.ಲೀ. ಲೆಕ್ಕದಲ್ಲಿ 1.8 ಮಿ.ಲೀ., ಸಾಂದ್ರತೆ ಮಿ.ಲೀ.ಗೆ 30 ಮಿ.ಗ್ರಾಂ. 2000ದ ಡೋಸ್‌ನಲ್ಲಿ ಇದೇ ಲೆಕ್ಕ ಮಾಡಿದರೆ ಮಿ.ಲೀ.ಗೆ 200 ಮಿ.ಗ್ರಾಂ ಆಗುತ್ತದೆ. ಸಲೈನ್‌ನಲ್ಲಿ ಉಪ್ಪು ಇರುವುದು ಮಿ.ಲೀ.ಗೆ 9 ಮಿ.ಗ್ರಾಂ! ಅಷ್ಟು ಗಟ್ಟಿ ಉಪ್ಪುನೀರು ಕರುಳಿಗೆ ನೀರನ್ನು ಎಳೆದುಕೊಂಡೇ ಪ್ರಾಣಿಯನ್ನು ಸುಸ್ತು ಮಾಡುತ್ತದೆ. ಅದು ಲೋಹದ ವಿಷ ಅಲ್ಲ, ಅಲ್ವಾ? ನೀರಿನ ದ್ರಾವಣವಾದರೆ ಕಿಲೋಗೆ 20 ಮಿ.ಲೀ.ವರೆಗೆ ಕೊಡಬಹುದು, ಇಲ್ಲಿ ಆ ಅವಕಾಶ ಬಳಸಿಕೊಳ್ಳಿ.

ರಾತ್ರಿ ಉಪವಾಸ, ನೀರು ಮಾತ್ರ. ಬೆಳಿಗ್ಗೆ ತೂಕ ನೋಡಿ, ತುದಿ ಉರುಟಾದ, ಬಾಯಿಂದ ಹೊಟ್ಟೆಗೆ ಇಳಿಸುವ ಗವಾಜ್ ಸೂಜಿಯಿಂದ ಕೊಡುವುದು. ಮೊದಲ ಅರ್ಧ ಗಂಟೆಯಲ್ಲಿ ಒಮ್ಮೆಯಾದರೂ ನೋಡಬೇಕು ಅಂತ ನಿಯಮ. ನಾನಂತೂ ಮೊದಲ ನಾಲ್ಕು ಗಂಟೆ ಆ ಕೋಣೆ ಬಿಡುವುದಿಲ್ಲ. ಬೇರಿಯಂ ರಕ್ತದ ಪೊಟ್ಯಾಸಿಯಂ ಅನ್ನು ಜೀವಕೋಶಗಳ ಒಳಗೇ ಹಿಡಿದಿಡುತ್ತದೆ, ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸೋಲುತ್ತವೆ. ಮರ್ಕ್ಯುರಿಕ್ ಕ್ಲೋರೈಡ್ ಹಾಗಲ್ಲ. ಮೊದಲು ಕರುಳು ಕೆಡುತ್ತದೆ, ಕೆಲವು ದಿನ ಬಿಟ್ಟು ಮೂತ್ರಪಿಂಡ. ಹದಿನಾಲ್ಕು ದಿನ ನೋಡಿ ಅನ್ನುವುದು ಇದಕ್ಕೇ. ಚೇತರಿಸಿಕೊಳ್ಳಲಾರದು ಅಂತ ಕಂಡ ಪ್ರಾಣಿಯನ್ನು ನೋವಿಲ್ಲದೆ ಕೊನೆಗಾಣಿಸಿ. ಲೆಕ್ಕದಲ್ಲಿ ಅದೂ ಸಾವೇ, ಕಾಯುವುದರಿಂದ ಸಿಗುವ ಲಾಭ ಏನೂ ಇಲ್ಲ. ಕೊನೆಗೆ ಎಲ್ಲ ಪ್ರಾಣಿಗಳನ್ನೂ ಕೊಯ್ದು ಹೊಟ್ಟೆ, ಕರುಳು, ಮೂತ್ರಪಿಂಡ ನೋಡಿ ಬರೆದುಕೊಳ್ಳಿ.

ವರದಿಯಲ್ಲಿ ವರ್ಗದ ಜೊತೆ ಪೂರ್ತಿ ಹೆಸರು, ಹೈಡ್ರೇಟ್, ಶುದ್ಧತೆ, ಲೋಹದ ಶೇಕಡಾ, ದ್ರಾವಣದ ಪಿಎಚ್ ಇರಲಿ. ಇನ್ನೊಂದು ಸಾಲು ನಾನು ತಪ್ಪದೆ ಸೇರಿಸುತ್ತೇನೆ: ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ತಾಮ್ರ, ಸತುವಿನ ಉಪ್ಪು ನುಂಗಿದ ಮನುಷ್ಯ ಬಹುಪಾಲು ಕಕ್ಕಿಬಿಡುತ್ತಾನೆ, ಇಲಿಯ ಹೊಟ್ಟೆಯಲ್ಲಿ ಅದು ಹಾಗೇ ಉಳಿಯುತ್ತದೆ. ಆ ಲೋಹಗಳ ಸಂಖ್ಯೆಯನ್ನು ಮನುಷ್ಯರಿಗೆ ಹೊಂದಿಸುವವರು ಅದನ್ನು ಓದಿಕೊಂಡೇ ಮುಂದೆ ಹೋಗಲಿ.