ಮೇವಿನ ರಸೀದಿ ಹಿಡಿದು ಟೆಕ್ಸಸ್ ರಾವುತರ ಜಾಡು

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಒಕ್ಕೂಟದ ಪರವಾಗಿ ಕಾದಿದ ಟೆಕ್ಸಸ್‌ನ 8ನೆಯ ಅಶ್ವದಳದ, ಅಂದರೆ ಟೆರಿ ರೇಂಜರ್ಸ್ ಪಡೆಯ, ಓಡಾಟವನ್ನು ಮೇವಿನ ರಸೀದಿಗಳಿಂದಲೇ ಕಟ್ಟಬಹುದೆಂದು ನಾನು ಹೇಳಿದಾಗ ಜೊತೆಯ ಹವ್ಯಾಸಿಗಳು ನಕ್ಕಿದ್ದರು. 1863–64ರ ಚಳಿಗಾಲದಲ್ಲಿ ಪಡೆ ಪೂರ್ವ ಟೆನ್ನೆಸ್ಸೀಯಲ್ಲಿದ್ದ ಅವಧಿಯಲ್ಲಿ ಯಾವ ದಿನ ಎಲ್ಲಿತ್ತೆಂಬ ಕೋಷ್ಟಕ ಈಗ ಬಹುಮಟ್ಟಿಗೆ ತುಂಬಿದೆ.

ಮೊದಲ ಎರಡು ವರ್ಷ ದಂಡವಾದವು. ಮುದಿ ಸೈನಿಕರು ದಶಕಗಳ ಬಳಿಕ ಬರೆದ ನೆನಪುಗಳನ್ನು ನಂಬಿದೆ. ಊರುಗಳು ಸರಿಯಿದ್ದವು, ತಾರೀಖುಗಳು ಕೈಕೊಟ್ಟವು. ಆಮೇಲೆ ಸಾಮಾನ್ಯ ರಾವುತರ ಸೇವಾ ಚೀಟಿಗಳಿಗೆ, ಅಂದರೆ ಒಬ್ಬೊಬ್ಬರ ಹಾಜರಿ ಮತ್ತಿತರ ವಿವರಗಳ ದಾಖಲೆಗೆ, ಕೈ ಹಾಕಿದೆ. 1861ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್‌ನಲ್ಲಿ ಸೇರಿದವರೇ ಸಾವಿರಕ್ಕೂ ಹೆಚ್ಚು. ನಾನೂರು ಜನರದ್ದನ್ನು ನಕಲಿಸಿದ ಮೇಲೆ ಹೊಳೆದದ್ದೆಂದರೆ, ಎರಡು ತಿಂಗಳಿಗೊಮ್ಮೆಯ ಹಾಜರಿ ಪಟ್ಟಿ ಹಾಜರು, ಗೈರು ಎನ್ನುತ್ತದೆಯೇ ಹೊರತು ನಡುವೆ ಪಡೆ ಎಲ್ಲೆಲ್ಲಿ ಅಲೆಯಿತೆಂಬುದನ್ನು ಹೇಳುವುದಿಲ್ಲ. ಮೈಕ್ರೋಫಿಲ್ಮ್, ಚಂದಾ, ನಕಲು ಎಂದು ಅಷ್ಟರಲ್ಲಿ ಸುಮಾರು ಆರುನೂರು ಡಾಲರ್ ಕರಗಿತ್ತು.

ದಾರಿ ಸಿಕ್ಕಿದ್ದು ಅಧಿಕಾರಿಗಳ ಕಡತಗಳಲ್ಲಿ. ಮೇವು ಪಡೆದ ಅಧಿಕಾರಿ ಸಹಿ ಹಾಕಿದ ರಸೀದಿಯಲ್ಲಿ ಊರು, ತಾರೀಖು, ಕುದುರೆಗಳ ಸಂಖ್ಯೆ ಮೂರೂ ಇರುತ್ತವೆ. ಇಲ್ಲಿಯೂ ಮೊದಲು ಎಡವಿದೆ. ಕೆಲವರು ಹಿಂದಿನ ಬಾಕಿಯನ್ನೆಲ್ಲ ಒಂದೇ ಸಲ ಚುಕ್ತಾ ಮಾಡಿದ್ದರು. ಸಹಿ ಬಿದ್ದ ಊರನ್ನೇ ಬಿಡಾರವೆಂದು ತಿಳಿದು ಇಡೀ ಪಡೆಯನ್ನು ಮೂರು ವಾರ ತಪ್ಪು ಕೌಂಟಿಯಲ್ಲಿ ನಿಲ್ಲಿಸಿದ್ದೆ. ಬಾಕಿಯ ರಸೀದಿಯನ್ನು ಒಂದೇ ನೋಟಕ್ಕೆ ಗುರುತಿಸುವ ಉಪಾಯ ಈಗ ನನಗೆ ಗೊತ್ತಿದೆ, ಆದರೆ ಕೋಷ್ಟಕ ಪೂರ್ತಿಯಾಗುವವರೆಗೆ ಅದನ್ನು ಬಿಟ್ಟುಕೊಡಲಾರೆ.

ನಡುವೆ ಒಂದು ಅಡ್ಡಲೆಕ್ಕವನ್ನೂ ಹಾಕಿದೆ. ನಿಯಮದಂತೆ ಕುದುರೆಯೊಂದಕ್ಕೆ ದಿನಕ್ಕೆ 14 ಪೌಂಡ್ ಒಣಹುಲ್ಲು, 12 ಪೌಂಡ್ ಕಾಳು. ಐನೂರು ಕುದುರೆಗಳೆಂದರೂ ದಿನಕ್ಕೆ ಕಾಳೇ ಆರು ಸಾವಿರ ಪೌಂಡ್. ಪಡೆ ಒಂದು ಕಣಿವೆಯಲ್ಲಿ ಏಕೆ ಬಹಳ ದಿನ ನಿಲ್ಲಲಿಲ್ಲವೆಂಬುದಕ್ಕೆ ನನಗೆ ಇಷ್ಟು ಸಾಕಾಯಿತು. ಕುದುರೆ ರಾವುತನ ಸ್ವಂತದ್ದು, ಸರ್ಕಾರ ಕೊಡುತ್ತಿದ್ದುದು ದಿನಕ್ಕೆ 40 ಸೆಂಟ್ ಬಾಡಿಗೆ, ಯುದ್ಧದಲ್ಲಿ ಸತ್ತರೆ ಮಾತ್ರ ಬೆಲೆ. ಹೀಗಾಗಿ ಗೈರು ಎಂದು ಬರೆದವರನ್ನೆಲ್ಲ ಓಡಿಹೋದವರೆಂದು ಎಣಿಸಬಾರದು. ಅವರಲ್ಲಿ ಕುದುರೆ ತರಲು ಹೋದವರೂ ಇದ್ದರು. ಅಂದಹಾಗೆ, ರಸೀದಿ ಕುದುರೆಗಳನ್ನು ಎಣಿಸುತ್ತದೆ, ಆದರೆ ಅಧಿಕಾರಿಗಳ ಕುದುರೆಗಳಿಗೆ ಮೈತಿಕ್ಕಿದ ಗುಲಾಮರ ಹೆಸರು ಅದರಲ್ಲಿ ನನಗೆ ಒಮ್ಮೆಯೂ ಸಿಕ್ಕಿಲ್ಲ.

1865ರ ಮಾರ್ಚ್ 21ರಂದು ಉತ್ತರ ಕೆರೊಲಿನಾದ ಬೆಂಟನ್‌ವಿಲ್ ಕಾಳಗದಲ್ಲಿ ಇದೇ ಪಡೆ ನುಗ್ಗಿದಾಗ, ದಕ್ಷಿಣದ ಸೇನಾನಿ ಜನರಲ್ ಹಾರ್ಡೀ ಅವರ, ಅಂದೇ ಪಡೆಗೆ ಸೇರಿಕೊಂಡಿದ್ದ ಹದಿನಾರರ ಮಗ ಮಾರಣಾಂತಿಕವಾಗಿ ಗಾಯಗೊಂಡ. ಆ ವಾರದ ಒಂದು ರಸೀದಿಯೂ ನನ್ನ ಕೈಗೆ ಬಂದಿಲ್ಲ. ಕೋಷ್ಟಕದಲ್ಲಿ ಆ ಸಾಲು ಖಾಲಿಯೇ ಇದೆ.