ಎಲೆಕ್ಟ್ರಾನ್ ಸಾಗಣೆ ಸರಪಳಿ ಅರ್ಥವಾಗಬೇಕಾ? ಕೊನೆಯಿಂದ ಓದಿ

ಕೊಡಗಿನಲ್ಲಿ ಮಳೆಗಾಲದ ಕಣಿಲೆಯನ್ನು (ಎಳೆ ಬಿದಿರು) ಯಾರೂ ತಂದ ಕೂಡಲೇ ಒಲೆ ಮೇಲಿಡಲ್ಲ. ಹೆಚ್ಚಿ ನೆನೆಹಾಕಿ, ನೀರು ಬದಲಿಸುತ್ತಾ ಇದ್ದು, ಆಮೇಲೆ ಚೆನ್ನಾಗಿ ಬೇಯಿಸಿಯೇ ಬೈಂಬಳೆ ಕರಿ ಮಾಡುತ್ತಾರೆ. ಯಾಕೆಂದರೆ ಹಸಿ ಕಣಿಲೆಯಲ್ಲಿ ಸೈನೈಡ್ ಬಿಡುವ ವಸ್ತು ಇದೆ. ಸೈನೈಡ್ ಹೊಡೆಯುವುದು ಎಲ್ಲಿಗೆ ಗೊತ್ತಾ? ಪಿಯುಸಿ ಮಕ್ಕಳು ಸುಮ್ನೆ ಬಾಯಿಪಾಠ ಮಾಡುವ ಎಲೆಕ್ಟ್ರಾನ್ ಸಾಗಣೆ ಸರಪಳಿಯ ಕೊನೆಯ ಕೊಂಡಿಗೆ. ಊಟದಿಂದ ಬಂದ ಎಲೆಕ್ಟ್ರಾನ್‌ಗಳನ್ನು ಕೈಯಿಂದ ಕೈಗೆ ದಾಟಿಸಿ ಕೋಶಕ್ಕೆ ಶಕ್ತಿ ಸಿಗುವ ಹಾಗೆ ಮಾಡುವ ಸಾಲು ಇದು. ಇದರ ದೊಡ್ಡ ಪ್ರೋಟೀನ್ ಗುಂಪುಗಳಿಗೆ ಕಾಂಪ್ಲೆಕ್ಸ್ 1, 2, 3, 4 ಅಂತ ಹೆಸರು, ಸೈನೈಡ್ ಹೊಡೆಯುವ ಕೊನೆಯದು 4. ಅದಕ್ಕೇ ಕಾಂಪ್ಲೆಕ್ಸ್ 1ರಿಂದ ಶುರು ಮಾಡಬೇಡಿ, 4ರಿಂದ ಮಾಡಿ.

ಕೋಶದೊಳಗೆ ಶಕ್ತಿ ತಯಾರಾಗುವ ಮೈಟೊಕಾಂಡ್ರಿಯಾದ ಒಳಪೊರೆ ಅಂತ ಒಂದು ಉದ್ದ ಗೆರೆ ಎಳೆಯಿರಿ. ಬಲತುದಿಯಲ್ಲಿ ಕಾಂಪ್ಲೆಕ್ಸ್ 4 ಬರೆಯಿರಿ. ಅದರೊಳಗೆ ಕಬ್ಬಿಣ, ತಾಮ್ರ ಇವೆ. ನಾವು ಉಸಿರಾಡಿದ ಆಕ್ಸಿಜನ್ ಬಂದು ಸೇರುವುದು ಇಲ್ಲೇ: ಒಂದು ಅಣು 4 ಎಲೆಕ್ಟ್ರಾನ್, 4 ಪ್ರೋಟಾನ್ ತಗೊಂಡು 2 ನೀರಿನ ಅಣು ಆಗುತ್ತದೆ. ಸೈನೈಡ್ ಆ ಕಬ್ಬಿಣವನ್ನು ಹಿಡಿದು ಕೂತರೆ ಎಲೆಕ್ಟ್ರಾನ್‌ಗೆ ಮುಂದೆ ದಾರಿಯಿಲ್ಲ, ಹಿಂದಿನ ಕೊಂಡಿಗಳೆಲ್ಲ ತುಂಬಿ ನಿಲ್ಲುತ್ತವೆ, ರಕ್ತದಲ್ಲಿ ಆಕ್ಸಿಜನ್ ಬೇಕಾದಷ್ಟಿದ್ದರೂ ಕೋಶ ಅದನ್ನು ಬಳಸಲಾರದು.

ಈಗ ಎಡಕ್ಕೆ ಬನ್ನಿ. 4ಕ್ಕೆ ಎಲೆಕ್ಟ್ರಾನ್ ತಂದುಕೊಡುವುದು ಸೈಟೊಕ್ರೋಮ್ ಸಿ ಎಂಬ ಪುಟ್ಟ ಪ್ರೋಟೀನ್. ಅದಕ್ಕೆ ಕೊಡುವುದು ಕಾಂಪ್ಲೆಕ್ಸ್ 3, 3ಕ್ಕೆ ಕೊಡುವುದು ಪೊರೆಯೊಳಗೇ ಓಡಾಡುವ ಯುಬಿಕ್ವಿನೋನ್ ಅಣು. ಯುಬಿಕ್ವಿನೋನ್‌ಗೆ ಎರಡು ಕಡೆಯಿಂದ ಬರುತ್ತವೆ, ಎಲೆಕ್ಟ್ರಾನ್ ಹೊತ್ತು ತರುವ ಅಣುವಾದ ಎನ್‌ಎಡಿಹೆಚ್ ತಂದದ್ದು 1ರ ಮೂಲಕ, ಆಹಾರ ಒಡೆಯುವಾಗ ಸಿಗುವ ಸಕ್ಸಿನೇಟ್‌ನದು 2ರ ಮೂಲಕ (ಇಲ್ಲಿ ಹೊತ್ತು ತರುವುದು ಎಫ್‌ಎಡಿಹೆಚ್2). ಬೆಳಿಗ್ಗೆ ತಿಂದ ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ) ಎಲೆಕ್ಟ್ರಾನ್‌ಗಳೂ ಹೀಗೇ ಬಂದು ಸೇರುತ್ತವೆ.

ಆಮೇಲೆ ಪ್ರೋಟಾನ್ ಬಾಣ ಹಾಕಿ, ಒಳಪೊರೆಯ ಒಳಗಿನ ಜಾಗವಾದ ಮ್ಯಾಟ್ರಿಕ್ಸ್‌ನಿಂದ ಎರಡು ಪೊರೆಗಳ ನಡುವಿನ ಜಾಗಕ್ಕೆ. ಪಂಪ್ ಮಾಡುವುದು 1, 3, 4 ಮಾತ್ರ. 2 ಮಾಡಲ್ಲ. ಒಂದು ಎನ್‌ಎಡಿಹೆಚ್‌ಗೆ ಸುಮಾರು 10 ಪ್ರೋಟಾನ್ ಆಚೆ ಹೋಗುತ್ತವೆ, 2ರ ದಾರಿಯಲ್ಲಿ ಬಂದರೆ ಸುಮಾರು 6.

ಇಷ್ಟೆಲ್ಲ ಆದರೂ ಕೋಶ ಖರ್ಚು ಮಾಡುವ ಶಕ್ತಿಯ ಅಣು, ಅಂದರೆ ಎಟಿಪಿ, ಇನ್ನೂ ಒಂದೇ ಒಂದು ಆಗಿಲ್ಲ, ಗಮನಿಸಿದ್ರಾ? ಜಾಸ್ತಿ ಮಂದಿ ಎಡವುವುದು ಇಲ್ಲೇ. ಮಳೆಗಾಲದಲ್ಲಿ ಹಾರಂಗಿ ಅಣೆಕಟ್ಟಿನ ಹಿಂದೆ ನೀರು ನಿಂತ ಹಾಗೆ ಪ್ರೋಟಾನ್ ತುಂಬಿಕೊಂಡಿರುತ್ತದೆ, ವಾಪಸ್ ಇಳಿಯಲು ಇರುವ ಮುಖ್ಯ ದಾರಿ ಎಟಿಪಿ ಸಿಂಥೇಸ್ ಎಂಬ ಪ್ರೋಟೀನ್ ಯಂತ್ರ. ಇಳಿಯುವಾಗ ಅದರ ಒಂದು ಭಾಗ ನಿಜವಾಗಿಯೂ ಗಿರಗಿರ ತಿರುಗುತ್ತದೆ, ಆ ತಿರುಗುವಿಕೆಯಿಂದಲೇ ಎಟಿಪಿ. ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಈ ಪ್ರೋಟಾನ್ ವಿಚಾರ ಹೇಳಿದಾಗ ಬಹಳ ಜನ ಒಪ್ಪಲಿಲ್ಲ. 1978ರಲ್ಲಿ ನೊಬೆಲ್ ಬಂತು.

ಲೆಕ್ಕದ ವಿಷಯ: ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಎನ್‌ಎಡಿಹೆಚ್‌ಗೆ 3, ಎಫ್‌ಎಡಿಹೆಚ್2ಗೆ 2 ಎಟಿಪಿ ಅಂತಿದೆ. ಈಗಿನ ಅಂದಾಜು 2.5 ಮತ್ತು 1.5. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ್ದೇ ಬರೆಯಿರಿ, ಮಾರ್ಕ್ಸ್ ಬೇಕಲ್ವಾ.